ಉಣ್ಣೆ ಬಿಗಿದು ರೋಮನ್ ಟೋಪಿ ಮಾಡಿದ್ದು

ನಾನಿರುವುದು ಇಂಗ್ಲೆಂಡಿನ ಉತ್ತರದಲ್ಲಿ, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಗೆ ಹತ್ತಿರ. ಆ ಕಾಲದ ಸೈನಿಕರ ಉಡುಗೆ ತೊಟ್ಟು, ಅವರ ಅಡುಗೆ, ಕವಾಯತು, ಕೈಕೆಲಸ ಎಲ್ಲವನ್ನೂ ಜನರಿಗೆ ಮಾಡಿ ತೋರಿಸುವ ತಂಡವೊಂದರಲ್ಲಿದ್ದೇನೆ. ನಾವು ತೋರಿಸುವುದು ಕ್ರಿ.ಶ. 4ನೇ ಶತಮಾನದ ಕಾವಲು ಪಡೆಯನ್ನು. ಆ ಕಾಲದ ಸೈನಿಕ ಅಂದರೆ ತಲೆ ಮೇಲೆ ಡಬ್ಬಿಯಂಥ ಚಪ್ಪಟೆ ಟೋಪಿ ಇರಲೇಬೇಕು. ರೋಮನ್ ಸಾಮ್ರಾಜ್ಯದ ಪನ್ನೋನಿಯಾ ಪ್ರಾಂತ್ಯದ ಹೆಸರು ಹೊತ್ತ ಟೋಪಿ ಅದು.

ವೆನಿಸ್‌ಗೆ ಹೋದವರು ಸೇಂಟ್ ಮಾರ್ಕ್ಸ್ ಚರ್ಚಿನ ಮೂಲೆಯಲ್ಲಿ ಇದನ್ನು ನೋಡಿರುತ್ತೀರಿ. ಕೆಂಗಪ್ಪು ಕಲ್ಲಿನಲ್ಲಿ ನಾಲ್ವರು ಚಕ್ರವರ್ತಿಗಳು ಇಬ್ಬಿಬ್ಬರಾಗಿ ಹೆಗಲು ತಬ್ಬಿ ನಿಂತಿದ್ದಾರಲ್ಲ, ಅವರೆಲ್ಲರ ತಲೆಯಲ್ಲೂ ಇದೇ ಟೋಪಿ. ರೋಮ್‌ನಲ್ಲಿರುವ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಮಾನಿನ ಮೇಲೆ ಕೆತ್ತಿರುವ ಸೈನಿಕರೂ ಇದನ್ನೇ ಹಾಕಿದ್ದಾರೆ.

ಮೊದಲು ನಾನು ಅಂಗಡಿಯಿಂದ ಫೆಲ್ಟ್ ಹಾಳೆ ತಂದು, ಉದ್ದನೆಯ ಪಟ್ಟಿ ಮತ್ತು ದುಂಡನೆಯ ಬಿಲ್ಲೆ ಕತ್ತರಿಸಿ, ಎರಡನ್ನೂ ಸೇರಿಸಿ ಹೊಲಿದೆ. ನೋಡೋಕೆ ಪರವಾಗಿಲ್ಲ ಅನಿಸಿತ್ತು. ಒಂದೇ ಮಳೆಗೆ ಹೊಲಿಗೆ ಎಳೆದುಕೊಂಡು ಟೋಪಿ ಒಂದು ಕಡೆ ವಾಲಿತು. ಅದಕ್ಕಿಂತ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಫೆಲ್ಟ್ ಅಂದರೆ ನೂಲದೆ, ನೇಯದೆ, ಹೊಲಿಯದೆ ಉಣ್ಣೆಯಿಂದಲೇ ನೇರವಾಗಿ ಆಕಾರ ತೆಗೆಯಬಹುದಾದ ಬಟ್ಟೆ. ಅಂಥದ್ದನ್ನು ಕಾಗದದ ಹಾಗೆ ಕತ್ತರಿಸಿ ಹೊಲಿದರೆ ಆ ಕಸುಬು ಎಲ್ಲಿ ಉಳಿಯಿತು? ಹಾಗಾಗಿ ಇಡೀ ಟೋಪಿಯನ್ನು ಒಂದೇ ತುಂಡಾಗಿ ಮಾಡಬೇಕು ಅಂತ ಹಟ ಹಿಡಿದೆ.

ಉಣ್ಣೆಗೆ ಶೆಟ್‌ಲ್ಯಾಂಡ್ ಕುರಿಯದ್ದನ್ನು ಆರಿಸಿಕೊಂಡೆ. ಬಣ್ಣ ಹಾಕದೆಯೇ ಚಂದದ ಕಂದು. ಮೆರಿನೊ ಕುರಿಯ ಉಣ್ಣೆ ಬೇಗ ಬಿಗಿಯುತ್ತದೆ, ಆದರೆ ತೀರಾ ಮೆತ್ತಗೆ, ನಯ ಜಾಸ್ತಿ. ಕಾವಲುಗಾರನ ತಲೆಗೆ ಅದು ಒಪ್ಪುವುದಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ಟೋಪಿಗೆ ಸುಮಾರು 100 ಗ್ರಾಂ ಸಾಕು. ಚೆನ್ನಾಗಿ ಹಿಂಜಿಕೊಳ್ಳಬೇಕು, ಗಂಟು ಉಳಿಯಬಾರದು.

ಇಡೀ ಕೆಲಸ ನಿಂತಿರುವುದು ಉಣ್ಣೆ ಕುಗ್ಗುವ ಲೆಕ್ಕದ ಮೇಲೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಮೈಯಂಥ ಸಣ್ಣ ಹುರುಪೆಗಳಿವೆ. ಬಿಸಿ ನೀರು ಬಿದ್ದು, ಕೈಯಿಂದ ಉಜ್ಜಿದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡದ್ದು ಮತ್ತೆ ಬಿಡುವುದಿಲ್ಲ. ಟೋಪಿ ನನ್ನ ಗೆಳೆಯನಿಗೆ, ಅವನ ತಲೆ ಸುತ್ತಳತೆ 57 ಸೆಂಟಿಮೀಟರ್. ಅಂದರೆ ಮಡಚಿ ಮಲಗಿಸಿದ ಟೋಪಿಯ ಅಗಲ 28.5. ಅದನ್ನು 1.4ರಿಂದ ಗುಣಿಸಿ 40 ಸೆಂಟಿಮೀಟರ್ ಅಗಲ, ಸುಮಾರು 30 ಎತ್ತರಕ್ಕೆ, ತಲೆ ದುಂಡಗಿರುವ ಗಂಟೆಯಾಕಾರದ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಕತ್ತರಿಸಿದೆ. ಇದನ್ನು ನಡುವೆ ಇಟ್ಟರೆ ಎರಡು ಬದಿಯ ಉಣ್ಣೆ ಅಂಟಿಕೊಳ್ಳುವುದಿಲ್ಲ. ಜನರ ಮುಂದೆ ಮಾಡುವಾಗ ಪ್ಲಾಸ್ಟಿಕ್ ಬದಲು ತೊಗಲು ಬಳಸುತ್ತೇನೆ.

ಉಣ್ಣೆಯನ್ನು ನಾಲ್ಕು ತೆಳು ಪದರವಾಗಿ ಹರಡಬೇಕು. ಒಂದು ಪದರ ಅಡ್ಡ, ಇನ್ನೊಂದು ಉದ್ದ. ಬಿಸಿ ನೀರು ಚಿಮುಕಿಸಿ, ಅಂಗೈಯಿಂದ ಒತ್ತಿ, ತಿರುವಿ ಹಾಕಿ, ಅಂಚಿನಲ್ಲಿ ಉಳಿದ ಎಳೆಗಳನ್ನು ಮೇಲಕ್ಕೆ ಮಡಚಿ, ಈ ಬದಿಗೂ ನಾಲ್ಕು ಪದರ. ಈ ಅಂಚಿನಲ್ಲಿ ನಾನು ಎರಡು ಟೋಪಿ ಕೆಡಿಸಿದ್ದೇನೆ. ಅಂಚಿನ ಉಣ್ಣೆ ದಪ್ಪವಾಗಿ ಕೂತರೆ ಟೋಪಿಯ ಎರಡೂ ಕಡೆ ಏಣು ಎದ್ದು ನಿಲ್ಲುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಎಳೆಗಳನ್ನು ತೆಳ್ಳಗೆ ಜಗ್ಗಿ ಮಡಚಬೇಕು.

ಆಮೇಲೆ ಬಟ್ಟೆಯಲ್ಲಿ ಸುತ್ತಿ, ಕೋಲಿಗೆ ಸುರುಳಿ ಮಾಡಿ, ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸುವುದು. ಐದೈದು ನಿಮಿಷಕ್ಕೆ ಬಿಚ್ಚಿ, ದಿಕ್ಕು ಬದಲಿಸಿ ಮತ್ತೆ ಸುತ್ತುವುದು. ಒಂದೇ ದಿಕ್ಕಿಗೆ ಉರುಳಿಸಿದರೆ ಒಂದೇ ಕಡೆ ಕುಗ್ಗುತ್ತದೆ.

ಮನೆಯಲ್ಲಿ ಕಲಿಯುವಾಗ ಸೋಪು ಬಳಸಿದ್ದೆ. ಈಗ ಬಕೆಟ್ಟಿಗೆ ಒಂದು ಸೌಟು ವಿನೆಗರ್ ಹಾಕುತ್ತೇನೆ. ಇದು ಪ್ಲಿನಿ ಎಂಬ ರೋಮನ್ ಲೇಖಕನಿಂದ ಕಲಿತದ್ದು. ಉಣ್ಣೆಯನ್ನು ಬಿಗಿದು ಬಟ್ಟೆ ಮಾಡುತ್ತಾರೆ, ವಿನೆಗರ್ ಸೇರಿಸಿದರೆ ಅದು ಕಬ್ಬಿಣಕ್ಕೂ ಜಗ್ಗುವುದಿಲ್ಲ ಅಂತ ಅವನು ಬರೆದಿದ್ದಾನೆ. ಕಬ್ಬಿಣದ ಮಾತು ನಾನು ಪರೀಕ್ಷೆ ಮಾಡಿಲ್ಲ, ಆದರೆ ಕೈಗೆ ವ್ಯತ್ಯಾಸ ನಿಜವಾಗಲೂ ಗೊತ್ತಾಗುತ್ತದೆ. ಪ್ಲಿನಿ ಸತ್ತಿದ್ದು ಕ್ರಿ.ಶ. 79ರಲ್ಲಿ, ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ. ಅದೇ ಬೂದಿಯಲ್ಲಿ ಹೂತುಹೋದ ಪೊಂಪೆ ಪಟ್ಟಣದಲ್ಲಿ ವೆರೆಕುಂಡಸ್ ಎಂಬುವನ ಅಂಗಡಿ ಗೋಡೆಯ ಮೇಲೆ ಫೆಲ್ಟ್ ಮಾಡುವವರ ಚಿತ್ರ ಇದೆ. ನಡುವೆ ಒಲೆ, ಸುತ್ತ ಬರಿಮೈಯ ಗಂಡಸರು ಬಗ್ಗಿ ಕೆಲಸ ಮಾಡುತ್ತಿದ್ದಾರೆ. ಬಿಸಿ ಆರದ ಹಾಗೆ ನೋಡಿಕೊಳ್ಳುವುದು ಎಷ್ಟು ಮುಖ್ಯ ಅಂತ ಆ ಒಲೆ ನೋಡಿದಾಗ ನನಗೆ ಅರ್ಥವಾಯಿತು. ನಾನು ಅಲ್ಲಿಯವರೆಗೆ ನೀರು ಉಗುರುಬೆಚ್ಚಗಾದರೂ ಸುಮ್ನೆ ಉಜ್ಜುತ್ತಲೇ ಇರುತ್ತಿದ್ದೆ.

ಒಂದು ಭಾನುವಾರ ಹೀಗೆ ಉಜ್ಜುತ್ತಿರುವಾಗ ಅಮ್ಮ ವಿಡಿಯೋ ಕಾಲ್ ಮಾಡಿದರು. ನಮ್ಮದು ಚಳ್ಳಕೆರೆ ಕಡೆ. ಕಂಬಳಿ ನೋಡಿಕೊಂಡೇ ಬೆಳೆದವರು ನಾವು.

"ಏನೇ ಅದು, ಕಂಬಳಿ ಒಗೀತಿದೀಯಾ? ಅಷ್ಟು ಬಿಸಿ ನೀರು ಹಾಕ್ಬೇಡ್ವೇ, ಬಿಗಿದು ಗಟ್ಟಿಯಾಗಿಬಿಡುತ್ತೆ."

"ಅದೇ ಬೇಕಾಗಿರೋದಮ್ಮ."

ಅಮ್ಮ ಆಮೇಲೆ ಫೋನ್ ಇಡಲೇ ಇಲ್ಲ. ಮುಗಿಯುವವರೆಗೂ ನೋಡಿದರು.

ಎಳೆಗಳು ಕೂಡಿಕೊಂಡವೋ ಇಲ್ಲವೋ ನೋಡಲು ಚಿವುಟಬೇಕು. ಮೇಲಿನ ಎಳೆ ಮಾತ್ರ ಎದ್ದು ಬಂದರೆ ಇನ್ನೂ ಆಗಿಲ್ಲ. ಇಡೀ ಬಟ್ಟೆಯೇ ಬೆರಳಿಗೆ ಬಂದರೆ ಸರಿ. ಆಗ ಕೆಳಗಿನ ಅಂಚು ಕತ್ತರಿಸಿ ಹಾಳೆ ಹೊರಗೆ ತೆಗೆಯುತ್ತೇನೆ. ಇಲ್ಲಿಂದ ಮುಂದಿನ ಅರ್ಧ ಗಂಟೆಯೇ ನಿಜವಾದ ಕೆಲಸ. ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿ, ಹಿಟ್ಟಿನ ಹಾಗೆ ನಾದಿ, ಮೇಜಿಗೆ ಬಡಿದು, ಮತ್ತೆ ಅದ್ದುವುದು. ಸಡಿಲ ಚೀಲದಂತಿದ್ದದ್ದು ಕಣ್ಣೆದುರೇ ಚಿಕ್ಕದಾಗುತ್ತಾ, ದಪ್ಪವಾಗುತ್ತಾ ಬರುತ್ತದೆ. ಹಿಂದೆ ಒಂದು ಸಲ ಸುಸ್ತಾಗಿ ಇದನ್ನು ಅರ್ಧಕ್ಕೇ ಬಿಟ್ಟಿದ್ದೆ. ಆ ಟೋಪಿ ಮೊದಲ ಮಳೆಗೇ ನೆನೆದು ಕಿವಿ ಮೇಲೆ ಜೋತುಬಿತ್ತು. ಅದನ್ನು ಬಿಸಾಡಲಿಲ್ಲ. ಮತ್ತೆ ಬಿಸಿ ನೀರಿಗೆ ಹಾಕಿ ನಾದಿದೆ, ಸರಿಹೋಯಿತು.

ಆಕಾರಕ್ಕೆ ಅಚ್ಚು ಬೇಕಲ್ವಾ? 57 ಸುತ್ತಳತೆಗೆ 18 ಸೆಂಟಿಮೀಟರ್ ಅಗಲದ ಅಚ್ಚು. ಅಡುಗೆಮನೆಯಲ್ಲಿ ಊರಿಂದ ತಂದ ಅವಲಕ್ಕಿ ಡಬ್ಬಿ ಇತ್ತು. ಟೇಪು ಹಿಡಿದೆ, ಸರಿಯಾಗಿ 18. ಬೋರಲು ಹಾಕಿ, ಒದ್ದೆ ಟೋಪಿಯನ್ನು ಮೇಲಿಂದ ಎಳೆದು ಕೂರಿಸಿ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಏಣು ತಂದೆ. ಎರಡು ದಿನ ಹಾಗೇ ಬಿಟ್ಟೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಡಬ್ ಅನ್ನುತ್ತಿತ್ತು.

ಅದೇ ವಿಧಾನದಲ್ಲಿ ಶಂಕುವಿನಂಥ ಪಿಲಿಯಸ್ ಟೋಪಿಯನ್ನೂ ಮಾಡಿದೆ. ಗುಲಾಮಗಿರಿಯಿಂದ ಬಿಡುಗಡೆಯಾದವರು ಹಾಕುತ್ತಿದ್ದ ಟೋಪಿ ಅದು. ಸೀಸರನನ್ನು ಕೊಂದ ಬ್ರೂಟಸ್ ಹೊರಡಿಸಿದ ನಾಣ್ಯದಲ್ಲಿ ಎರಡು ಕಠಾರಿಗಳ ನಡುವೆ ಇರುವುದೂ ಅದೇ. ಡಿಸೆಂಬರಿನ ಸ್ಯಾಟರ್ನೇಲಿಯಾ ಹಬ್ಬದಲ್ಲಿ ಎಲ್ಲರೂ ಅದನ್ನು ಹಾಕುತ್ತಿದ್ದರು. ಮಕ್ಕಳಿಗೆ ಅದನ್ನು ಕೊಟ್ಟರೆ ತಕ್ಷಣ ತಲೆಗೆ ಏರಿಸುತ್ತಾರೆ.

ಆದರೆ ನನಗೆ ಇಷ್ಟವಾದದ್ದು ಡಬ್ಬಿ ಟೋಪಿಯೇ. ವೆಜಿಟಿಯಸ್ ಎಂಬ ರೋಮನ್ ಲೇಖಕ ಹಿಂದಿನ ಸೈನಿಕರು ತೊಗಲಿನ ಪನ್ನೋನಿಯಾ ಟೋಪಿ ಹಾಕಿಕೊಂಡೇ ಇರುತ್ತಿದ್ದರು ಅನ್ನುತ್ತಾನೆ. ತಲೆ ಮೇಲೆ ಸದಾ ಏನಾದರೂ ಇದ್ದು ಅಭ್ಯಾಸವಾದರೆ ಯುದ್ಧದಲ್ಲಿ ಶಿರಸ್ತ್ರಾಣ ಭಾರ ಅನಿಸುವುದಿಲ್ಲ ಎಂಬ ಕಾರಣಕ್ಕೆ. ನನ್ನ ಗೆಳೆಯನಿಗೆ ಅದನ್ನೇ ಹೇಳಿ ಟೋಪಿ ಕೊಟ್ಟೆ. ಅವನು ಬೆಳಗಿನಿಂದ ಸಂಜೆಯವರೆಗೆ ಗಾಳಿಯಲ್ಲಿ, ಜಡಿಮಳೆಯಲ್ಲಿ ತೊಟ್ಟುಕೊಂಡೇ ಇದ್ದ. ಸಂಜೆ ತೆಗೆದಾಗ ಹೊರಗೆ ಉಣ್ಣೆಯ ಮೇಲೆ ನೀರು ಮಣಿ ಮಣಿಯಾಗಿ ನಿಂತಿತ್ತು. ಒಳಗೆ ಕೈ ಹಾಕಿ ನೋಡಿದೆ, ಬೆಚ್ಚಗಿತ್ತು, ಒಣಗಿತ್ತು.