ಪೆರೋಲ್: ಅರ್ಜಿ ಎಲ್ಲಿ ನಿಲ್ಲುತ್ತದೆ?

ಕೆಲವು ದಿನಗಳ ರಜೆಯ ಪೆರೋಲ್ ಬೇರೆ. ಇಲ್ಲಿ ಹೇಳುತ್ತಿರುವುದು ಶಿಕ್ಷೆಯ ಉಳಿದ ಭಾಗವನ್ನು ಷರತ್ತುಗಳಿಗೆ ಒಳಪಟ್ಟು ಹೊರಗೆ ಕಳೆಯುವ ಬಿಡುಗಡೆಯ ಬಗ್ಗೆ. ಅರ್ಹತೆಯ ದಿನಾಂಕ ಬಂದ ಮಾತ್ರಕ್ಕೆ ಗೇಟು ತೆರೆಯುವುದಿಲ್ಲ. ಬಿಡುಗಡೆಯನ್ನು ತೀರ್ಮಾನಿಸುವ ಪೆರೋಲ್ ಮಂಡಳಿ ಕಡತ ಕೈಗೆತ್ತಿಕೊಳ್ಳಬಹುದು, ಅಷ್ಟೇ.

ಅಪರಾಧದ ಸ್ವರೂಪ, ಜೈಲಿನ ನಡತೆ, ಪಡೆದ ತರಬೇತಿ ಎಲ್ಲವನ್ನೂ ತೂಗುತ್ತಾರೆ. ಆದರೆ ಸುಲಭವಾಗಿ ಎಡವುವ ಜಾಗ ಬಿಡುಗಡೆ ಯೋಜನೆ, ಅಂದರೆ ಹೊರಬಂದ ಮೇಲೆ ಎಲ್ಲಿ, ಹೇಗೆ ಇರುತ್ತೇನೆ ಎಂದು ಬರೆದುಕೊಡುವುದು. "ಅಣ್ಣನ ಮನೆಯಲ್ಲಿರುತ್ತೇನೆ" ಎಂದು ಬರೆದರೆ ಸಾಲದು: ಪೂರ್ತಿ ವಿಳಾಸ, ಫೋನ್ ನಂಬರ್, ಮನೆಯವರ ಸಹಿಯಿರುವ ಒಪ್ಪಿಗೆ ಪತ್ರ ಜೊತೆಗಿರಲಿ. ಅಧಿಕಾರಿ ವಿಚಾರಿಸಲು ಹೋದಾಗ ಅಣ್ಣನಿಗೇ ವಿಷಯ ಗೊತ್ತಿಲ್ಲದಿದ್ದರೆ ಯೋಜನೆಯೇ ಬಿದ್ದುಹೋಗುತ್ತದೆ.

ಹೊಸ ಅಪರಾಧ ಮಾಡಿದರಷ್ಟೇ ವಾಪಸ್ ಜೈಲು ಎಂದುಕೊಳ್ಳಬೇಡಿ. ಮೇಲ್ವಿಚಾರಣೆಯ ಅಧಿಕಾರಿಯ ಮುಂದೆ ಹಾಜರಿ ತಪ್ಪಿಸಿದರೂ, ಅನುಮತಿಯಿಲ್ಲದೆ ಊರು ಬಿಟ್ಟರೂ ಪೆರೋಲ್ ರದ್ದಾಗಬಹುದು. ಮನೆ ಬದಲಿಸಲೇಬೇಕಾದರೆ ಮೊದಲೇ ಲಿಖಿತ ಅನುಮತಿ ಪಡೆದು ಒಂದು ಪ್ರತಿ ಇಟ್ಟುಕೊಳ್ಳಿ; ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದೊಡನೆ ಲೆಕ್ಕಕ್ಕೆ ಬಾರದೆ ಹೋಗಬಹುದು.