ಚಳಿಗಾಲದ ಬಿಸಿಲನ್ನು ಕೋಲಿನಿಂದ ಅಳೆಯುವುದು ಹೇಗೆ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ನಮಗೆ ಡಿಸೆಂಬರ್ ಬಂತೆಂದರೆ ಚಿಂತೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಬೇಕು, ದೊಡ್ಡ ಹುಳುವಿಗೂ 24-25 ಬೇಕು. ಚಳಿ ಹಿಡಿದರೆ ಸೊಪ್ಪು ಸರಿಯಾಗಿ ತಿನ್ನುವುದಿಲ್ಲ, ಹಣ್ಣಾಗಿ ಗೂಡು ಕಟ್ಟುವುದೂ ತಡ. ಅದಕ್ಕೇ ಹುಳುಮನೆ ಕಟ್ಟಿಸುವವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ನಿಮ್ಮ ಅಂಗಳದ ಬಿಸಿಲನ್ನು ಅಳೆಯಿರಿ.

ಸಮತಟ್ಟಾದ ಜಾಗದಲ್ಲಿ, ನೆಲದ ಮೇಲೆ ಸರಿಯಾಗಿ 1 ಮೀಟರ್ ಇರುವಂತೆ ಕೋಲು ನೆಡಿ. ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ಸ್ವಲ್ಪ ವಾಲಿದರೂ ಲೆಕ್ಕ ಕೆಡುತ್ತದೆ. 12 ಗಂಟೆಯಿಂದ 12.40ರವರೆಗೆ, 5 ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ. ಸೂರ್ಯನನ್ನು ನೋಡುವ ಅಗತ್ಯವೇ ಇಲ್ಲ, ನೋಡಲೂಬೇಡಿ. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದಾಗಲೇ ನಿಮ್ಮೂರಿನ ನಿಜವಾದ ನಡುಹಗಲು. ಡಿಸೆಂಬರ್ 21ಕ್ಕೆ ನಮ್ಮಲ್ಲಿ ಅದು 12.17ರ ಹೊತ್ತಿಗೆ.

ಅವತ್ತು ನೆರಳು ಉತ್ತರಕ್ಕೆ ಸುಮಾರು 75 ಸೆಂ.ಮೀ. ಚಾಚಿರುತ್ತದೆ. ಅಂದರೆ ಸೂರ್ಯ ದಕ್ಷಿಣದಲ್ಲಿ, 53 ಡಿಗ್ರಿ ಎತ್ತರದಲ್ಲಿ. ನೆತ್ತಿಯ ಮೇಲಿದ್ದಾಗ ಒಂದು ಚದರಡಿಗೆ ಬೀಳುವ ಬಿಸಿಲು ಈಗ ಒಂದೂಕಾಲು ಚದರಡಿಗೆ ಹರಡುತ್ತದೆ. ಹಗಲೂ ಜೂನ್‌ಗಿಂತ ಒಂದೂವರೆ ಗಂಟೆ ಕಡಿಮೆ. ಚಳಿಯ ಮೂಲ ಇಲ್ಲಿದೆ.

ಕೋಲನ್ನು ಕೀಳಬೇಡಿ. ಏಪ್ರಿಲ್ 25ರ ಆಸುಪಾಸಿನಲ್ಲಿ ನಡುಹಗಲಿಗೆ ಅದಕ್ಕೆ ನೆರಳೇ ಇರುವುದಿಲ್ಲ. ಜೂನ್ 21ಕ್ಕೆ ನೆರಳು ದಕ್ಷಿಣಕ್ಕೆ ತಿರುಗಿರುತ್ತದೆ, 18 ಸೆಂ.ಮೀ. ಅಷ್ಟೇ! ಆಗ ಸೂರ್ಯ ಇಡೀ ದಿನ ಉತ್ತರದ ಕಡೆಗೇ ಇರುತ್ತಾನೆ, ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ. ನನ್ನ ಹುಳುಮನೆಯ ದೊಡ್ಡ ಕಿಟಕಿಗಳನ್ನು ದಕ್ಷಿಣಕ್ಕೆ ಇಡಿಸಿದ್ದು ಇದನ್ನು ನೋಡಿಯೇ. ಮೇಲೆ ಚಿಕ್ಕ ಸಜ್ಜಾ ಸಾಕು, ಡಿಸೆಂಬರ್ ಬಿಸಿಲು ಅದರ ಕೆಳಗಿಂದ ಒಳಗೆ ಬರುತ್ತದೆ. ಬಿಸಿಲು ನೆಲಕ್ಕೆ ಬೀಳಲಿ, ಹುಳುವಿನ ಮೇಲೆ ಮಾತ್ರ ಬೇಡ. ಅಲ್ಲಿಗೆ ಪರದೆ ಕಟ್ಟಿ. ಹೊತ್ತು ಮುಳುಗುವ ಮೊದಲೇ ಕಿಟಕಿ ಮುಚ್ಚಿ, ಗಾಳಿಗೆ ಮೇಲಿನ ಕಿಂಡಿ ತೆರೆದಿರಲಿ.

ರಾತ್ರಿಯ ಕೆಲಸ ಬೇರೆ. ಮೋಡವಿಲ್ಲದ ರಾತ್ರಿ ನೆಲದ ಕಾವು ಆಕಾಶಕ್ಕೆ ಸೋರಿಹೋಗುತ್ತದೆ. ಒಂದು ಥರ್ಮಾಮೀಟರ್ ಹುಲ್ಲಿನ ಮೇಲಿಡಿ, ಇನ್ನೊಂದನ್ನು ಎದೆಮಟ್ಟದಲ್ಲಿ ನೇತುಹಾಕಿ. ಸೂರ್ಯ ಹುಟ್ಟುವ ಹೊತ್ತಿಗೆ ಹುಲ್ಲಿನ ಮೇಲಿನದೇ ಕಡಿಮೆ ತೋರಿಸುತ್ತದೆ. ಮೋಡ ಕವಿದ ರಾತ್ರಿಯೂ ಓದಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಸೂರ್ಯ ದೂರ ಹೋಗಿದ್ದಕ್ಕೆ ಚಳಿ ಅನ್ನುವವರು ಇನ್ನೂ ಇದ್ದಾರೆ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ತೀರಾ ಹತ್ತಿರ, ಜುಲೈಗಿಂತ 50 ಲಕ್ಷ ಕಿ.ಮೀ. ಹತ್ತಿರ! ಸೂರ್ಯನ ಮೈಮೇಲಿನ ಕಪ್ಪು ಕಲೆಗಳಿಂದ ಚಳಿ ಅನ್ನುವ ಮಾತೂ ಹಾಗೇ. ಸುಮಾರು 11 ವರ್ಷಕ್ಕೊಮ್ಮೆ ಅವು ಹೆಚ್ಚಿ ಕಡಿಮೆಯಾಗುತ್ತವೆ, ನಿಜ. ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕಗಳು ಸೂರ್ಯನ ಇಂಥ ಚಟುವಟಿಕೆಯನ್ನೇ ಗಮನಿಸುತ್ತವೆ. ಆದರೆ ಅದರಿಂದ ಭೂಮಿಗೆ ಬರುವ ಒಟ್ಟು ಶಾಖ ಏರುಪೇರಾಗುವುದು ಶೇ. 0.1ರಷ್ಟು ಮಾತ್ರ. ಬಿಸಿಲು ಓರೆಯಾದರೆ ನಡುಹಗಲಲ್ಲೇ ಶೇ. 20 ಕಡಿಮೆ ಅಲ್ವಾ?

ಸಂಕ್ರಾಂತಿಗೆ ಮತ್ತೆ ಅಳೆಯಿರಿ. ನೆರಳು 69 ಸೆಂ.ಮೀ.ಗೆ ಇಳಿದಿರುತ್ತದೆ. ಹಾಗಂತ ಹುಳುಮನೆಯ ಹೀಟರ್ ಅಟ್ಟಕ್ಕೆ ಹಾಕಬೇಡಿ. ತಣ್ಣಗಾದ ನೆಲ ಕಾಯಲು ಇನ್ನೂ ವಾರಗಳು ಬೇಕು.