ನಸುಕಿನ ಪಡಸಾಲೆಯಲ್ಲಿ ಗಣಿತ: ನನ್ನ ಅನುಭವ

2024ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 73 ದಾಟಿದರೆ, ನಮ್ಮ ಯಾದಗಿರಿ ಜಿಲ್ಲೆ ಶೇ 50ರ ಆಸುಪಾಸಿನಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ನಕಲು ತಡೆಯಲು ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂದ ವರ್ಷ ಅದು. ನನ್ನ ಶಾಲೆಯಲ್ಲಿ ಗಣಿತ ದಾಟಿದವರು 46 ಮಕ್ಕಳಲ್ಲಿ 17 ಇರಬೇಕು. ಮರುವರ್ಷ ಹೆಚ್ಚುಕಡಿಮೆ ಅಷ್ಟೇ ಮಕ್ಕಳಲ್ಲಿ 34 ಮಂದಿ ದಾಟಿದರು. ಆಗದ ಕೆಲಸ ಎಂದಿದ್ದ ಸಹೋದ್ಯೋಗಿಗಳೇ ಈಗ ಹೇಗೆ ಎಂದು ಕೇಳುತ್ತಿದ್ದಾರೆ.

ಮೊದಲು ಸಂಜೆಯ ವಿಶೇಷ ತರಗತಿ ನಡೆಸಿ ಸೋತೆ. ದೀಪಾವಳಿ ಕಳೆದರೆ ಹತ್ತಿ ಬಿಡಿಸುವ ಕಾಲ. ಕಿಲೋಗೆ ಹತ್ತು ಹನ್ನೆರಡು ರೂಪಾಯಿ. ಕೈ ಚುರುಕಾದ ಹುಡುಗಿ ದಿನಕ್ಕೆ ಮುನ್ನೂರು ತರುತ್ತಾಳೆ. ಹಗಲೆಲ್ಲ ಬಗ್ಗಿ ದುಡಿದವಳು ರಾತ್ರಿ ಏಳಕ್ಕೆ ಪ್ರಮೇಯ ಬರೆಯುವುದುಂಟೇ? ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆಹೋಗುತ್ತಿದ್ದಳು. ಬಿಸ್ಕತ್ತು, ಬಾಳೆಹಣ್ಣಿಗೆ ನನ್ನ ಕೈಯಿಂದ ಆರು ಸಾವಿರ ಹೋಯಿತು. ಪಾಸಾಗಲು ಬೇಕಾದಷ್ಟೇ ಆಯ್ದ ಪ್ರಶ್ನೆಗಳಿರುವ ‘ಪಾಸಿಂಗ್ ಪ್ಯಾಕೇಜಿನ’ ಜೆರಾಕ್ಸಿಗೆ ಇನ್ನೊಂದು ನಾಲ್ಕು ಸಾವಿರ. ಅರ್ಧ ಹಾಳೆಗಳು ಒಲೆ ಸೇರಿದವು.

ಆಮೇಲೆ ಪಾಠವನ್ನೇ ಓಣಿಗೆ ಒಯ್ದೆ. ಐದು ಓಣಿಗೆ ಐದು ಪಡಸಾಲೆ, ನಸುಕಿನ ಐದರಿಂದ ಏಳು. ಹೆಣ್ಣುಮಕ್ಕಳು ಕತ್ತಲಲ್ಲಿ ಓಣಿ ದಾಟಬೇಕಿಲ್ಲ ಎಂದೊಡನೆ ತಾಯಂದಿರ ತಕರಾರು ನಿಂತಿತು. ನಾನು ದಿನಕ್ಕೊಂದು ಪಡಸಾಲೆಯಲ್ಲಿ ಕೂರುತ್ತಿದ್ದೆ. ಉಳಿದ ಕಡೆ ಮುಂದಿರುವ ಮಕ್ಕಳೇ ಕಲಿಸುತ್ತಿದ್ದರು. ಖರ್ಚು ಐದು ಚಾರ್ಜಿಂಗ್ ಬಲ್ಬಿನದು, ಎರಡು ಸಾವಿರದೊಳಗೆ. ಪಾಸಾಗಲು ಆಗ ಬೇಕಿದ್ದ 80ಕ್ಕೆ 28 ಅಂಕ ತಲುಪಿಸುವುದೇ ಗುರಿಯಾಗಿತ್ತು: ಸಮೀಕರಣದ ನಕ್ಷೆ, ಸಂಖ್ಯಾಶಾಸ್ತ್ರ, ಥೇಲ್ಸ್ ಪ್ರಮೇಯ ಮೊದಲು. ಜನವರಿಯ ಹೊತ್ತಿಗೆ ಅರ್ಧಕ್ಕರ್ಧ ಮಕ್ಕಳು ಹೊಲ ಬಿಟ್ಟು ನೇರ ಶಾಲೆಗೆ ಬರತೊಡಗಿದರು. ಇದು ನನಗೆ ಫಲಿತಾಂಶಕ್ಕಿಂತ ದೊಡ್ಡ ಗೆಲುವು.

ಆರು ಮನೆಗಳು ಮೇಸ್ತ್ರಿಯ ಮುಂಗಡ ಪಡೆದು ಬೆಂಗಳೂರಿಗೆ ಗುಳೆ ಹೊರಟಿದ್ದವು. ನಾಲ್ವರು ಅಪ್ಪಂದಿರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟುಹೋಗಲು ಒಪ್ಪಿದರು. ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಬಯಲಾದರೆ ಮುಂದಿನ ವರ್ಷ ನಡೆಯದು.

ಹೋದ ಇಬ್ಬರಿಗೆ ಮೊಬೈಲಿನಲ್ಲಿ ಧ್ವನಿ ಪಾಠ ಕಳಿಸಿ ನೋಡಿದೆ. ಫೋನು ಹಗಲೆಲ್ಲ ಅಪ್ಪನ ಜೇಬಿನಲ್ಲಿ ಕಟ್ಟಡದ ಮೇಲಿರುತ್ತಿತ್ತು. ರಾತ್ರಿ ಎಂಟರ ನಂತರ ಕಳಿಸತೊಡಗಿದ ಮೇಲೆ ಒಬ್ಬಳು ಶೆಡ್ಡಿನಲ್ಲೇ ಕೇಳಿ ಲೆಕ್ಕ ಮಾಡಿ, ಫೋಟೊ ತೆಗೆದು ಕಳಿಸಿದಳು. ಪರೀಕ್ಷೆಯಲ್ಲಿ 31 ತೆಗೆದಳು. ಇನ್ನೊಬ್ಬ ಪರೀಕ್ಷೆಗೂ ಬರಲಿಲ್ಲ. ಅವನಪ್ಪನ ಮುಂಗಡ ಇನ್ನೂ ತೀರಿಲ್ಲವಂತೆ. ದಸರೆಗೆ ಊರಿಗೆ ಬಂದರೆ ಮತ್ತೆ ಹೋಗಿ ಕೇಳುತ್ತೇನೆ.